ಅಲ್ಪಾಯುವಿನ ವಂತಿಗೆ, ದೀರ್ಘಾಯುವಿನ ಪಿಂಚಣಿ

ಖಡಕಿಯ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿನಲ್ಲಿ, ವಿಜಯಪುರ, ಕಲಬುರಗಿ, ಬೆಳಗಾವಿಗಳ ಕಡೆಯಿಂದ ಬಂದು ನೆಲೆಸಿದ ಕಾರ್ಮಿಕರ ಬಾಯಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: "ಐವತ್ತೆಂಟರ ಮ್ಯಾಲ ಎಷ್ಟು ದಿನ ಬದುಕ್ತೇವ್ರೀ? ಆ ಪಿಂಚಣಿ ರೊಕ್ಕ ಈಗ ಕೈಯಾಗ ಕೊಟ್ರ ಮಗಳ ಲಗ್ನಕ್ಕರ ಆಗತೈತಿ." ಇದನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಸಕ್ಕರೆ ಕಾಯಿಲೆಯಿಂದಲೋ, ಶ್ವಾಸಕೋಶದ ವ್ಯಾಧಿಯಿಂದಲೋ ತನ್ನ ಆಯುಸ್ಸು ಮೊಟಕೆಂದು ಬಲ್ಲವನಿಂದಲೂ, ನೂರು ವರ್ಷ ಬಾಳುವ ಮನೆತನದವನಿಂದಲೂ ಒಂದೇ ದರದ ವಂತಿಗೆಯನ್ನು ಪಡೆಯುವುದು ನ್ಯಾಯವೇ ಎಂಬುದು ಗಂಭೀರವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಭಾವನೆಯಲ್ಲಿ ಹುಡುಕುವುದಕ್ಕಿಂತ ಲೆಕ್ಕದಲ್ಲಿ ಹುಡುಕುವುದು ಲೇಸು.

ಖಾಸಗಿ ಕಾರ್ಖಾನೆಗಳ ಕಾರ್ಮಿಕರಿಗೆ ಅನ್ವಯಿಸುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ. ಕಾರ್ಮಿಕನ ಸ್ವಂತ ಪಾಲಾದ ನೂರಕ್ಕೆ 12ರಷ್ಟು ಹಣ ಪೂರ್ತಿಯಾಗಿ ಭವಿಷ್ಯ ನಿಧಿಗೇ ಹೋಗುತ್ತದೆ. ಅವನು ಎಂದು ಕಾಲವಾದರೂ ಅದು ಬಡ್ಡಿ ಸಮೇತ ವಾರಸುದಾರರಿಗೆ ಸಲ್ಲುತ್ತದೆ. ಮಾಲೀಕನ 12ರ ಪೈಕಿ 8.33ರಷ್ಟು ಮಾತ್ರ ಪಿಂಚಣಿಯ ಹುಂಡಿಗೆ ಸೇರುತ್ತದೆ. ಕೇಂದ್ರ ಸರ್ಕಾರ ಅದಕ್ಕೆ 1.16ರಷ್ಟನ್ನು ಕೂಡಿಸುತ್ತದೆ. ಮಾಲೀಕ ಕೊಟ್ಟ ಹಣವೆಂದ ಮಾತ್ರಕ್ಕೆ ಅದು ಧರ್ಮದ ಹಣವಲ್ಲ. ದುಡಿಮೆಯ ಬೆಲೆಯ ಒಂದು ಭಾಗವೇ ಅದು.

2014ರ ಸೆಪ್ಟೆಂಬರ್ 1ರಂದು ವೇತನದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಆ ಮಿತಿಯಲ್ಲಿ ತಿಂಗಳ ವಂತಿಗೆ ಸುಮಾರು 1,250 ರೂಪಾಯಿ. ಲೆಕ್ಕದ ಸೌಲಭ್ಯಕ್ಕಾಗಿ ಮೂವತ್ತು ವರ್ಷವೂ ಇದೇ ದರವೆಂದು ಹಿಡಿದರೆ, ಜಮೆಯಾಗುವ ಅಸಲು 4,50,000 ರೂಪಾಯಿ. ಪಿಂಚಣಿಯ ಸೂತ್ರ ಸರಳವಾದುದು: ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು, ಇಪ್ಪತ್ತು ವರ್ಷ ಪೂರೈಸಿದವನಿಗೆ ಎರಡು ವರ್ಷಗಳ ಹೆಚ್ಚುವರಿ ಸೇವೆ ಸೇರುತ್ತದೆ. ಹೀಗೆ 15,000ವನ್ನು 32ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 6,857 ರೂಪಾಯಿ ದೊರೆಯುತ್ತದೆ. ಐವತ್ತೆಂಟರಲ್ಲಿ ಪಿಂಚಣಿ ಆರಂಭವಾಗಿ ಅರವತ್ತೊಂದರಲ್ಲಿ ತೀರಿಕೊಂಡವನ ಕೈಗೆ ಬಂದುದು ಸುಮಾರು 2.47 ಲಕ್ಷ, ಎಂಬತ್ತೆರಡರವರೆಗೆ ಬದುಕಿದವನಿಗೆ ಬಂದುದು ಸುಮಾರು 19.75 ಲಕ್ಷ. ಕೊಟ್ಟದ್ದು ಇಬ್ಬರೂ ಸಮ. ಪಡೆದದ್ದು ಒಂದಕ್ಕೆ ಎಂಟು!

ಮೇಲುನೋಟಕ್ಕೆ ಇದು ಘೋರ ಅನ್ಯಾಯ. ಆದರೆ ಪಿಂಚಣಿಯೆಂಬುದು ಉಳಿತಾಯ ಖಾತೆಯಲ್ಲ, ಅದು ವಿಮೆ. ಬೆಂಕಿ ವಿಮೆ ಮಾಡಿಸಿದ ಅಂಗಡಿ ಸುಡಲಿಲ್ಲವೆಂದು ಯಾರೂ ಕಂತನ್ನು ಮರಳಿ ಕೇಳುವುದಿಲ್ಲ. ಇಲ್ಲಿ ವಿಮೆಗೆ ಒಳಪಟ್ಟ ಅಪಾಯ ಮರಣವಲ್ಲ, ದುಡಿಯುವ ಶಕ್ತಿ ಕುಂದಿದ ಬಳಿಕವೂ ಉಳಿಯುವ ಬದುಕು. ಬೇಗ ತೀರಿಕೊಂಡವರ ಹಣವೇ ಬಹುಕಾಲ ಬಾಳಿದವರ ಅನ್ನವಾಗುತ್ತದೆ. ಈ ಏರ್ಪಾಡಿಲ್ಲದಿದ್ದರೆ ಆಜೀವ ಪಿಂಚಣಿ ಎಂಬುದೇ ಅಸಾಧ್ಯ.

ಈ ಸಮಾಧಾನ ಒಪ್ಪತಕ್ಕದ್ದೇ, ಆದರೆ ಒಂದು ಷರತ್ತಿನೊಡನೆ. ಯಾರು ಮೊದಲು ಸಾಯುತ್ತಾರೆಂಬುದು ಕೇವಲ ದೈವದ ಆಟವಾಗಿದ್ದರೆ ಸರಿ. ಅದು ಉದ್ಯೋಗದಿಂದಲೇ ನಿರ್ಧಾರವಾದರೆ? ಕೋಲಾರದ ಚಿನ್ನದ ಗಣಿಗಳು ನಮ್ಮ ನಾಡಿನ ಕಣ್ಣೆದುರಿನ ಸಾಕ್ಷಿ. 1940ರ ದಶಕದಲ್ಲಿ ಅಲ್ಲಿ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ರೋಗ ಕಂಡುಬಂದಿತು. ಕಲ್ಲಿನ ಸೂಕ್ಷ್ಮ ಧೂಳು ಉಸಿರಿನೊಡನೆ ಒಳಸೇರಿ ಶ್ವಾಸಕೋಶದಲ್ಲಿ ನಾರುಗಂಟುಗಳನ್ನು ಕಟ್ಟುತ್ತದೆ. ಕ್ಷಯಕ್ಕೆ ಹಾದಿ ಮಾಡುತ್ತದೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಧೂಳಿನಿಂದ ದೂರವಿರುವುದೊಂದೇ ದಾರಿ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ರೋಗ ಮಾತ್ರ ಮುಚ್ಚಲಿಲ್ಲ. ಎರಕದ ಕಾರ್ಖಾನೆಗಳ ಮರಳಿನ ಅಚ್ಚುಗಳಲ್ಲಿ, ಕಲ್ಲು ಕುಟ್ಟುವ ಘಟಕಗಳಲ್ಲಿ ಅದೇ ಧೂಳುಂಟು. ಇಂಥ ಕಡೆ ದುಡಿದವನು ಕಚೇರಿಯ ಗುಮಾಸ್ತನೊಡನೆ ಒಂದೇ ಹುಂಡಿಗೆ ವಂತಿಗೆ ಹಾಕಿದರೆ, ಬಡವನ ಶ್ವಾಸಕೋಶ ಉಳ್ಳವನ ಮುಪ್ಪನ್ನು ಸಾಕಿದಂತಾಗುತ್ತದೆ. ಆಕ್ಷೇಪಣೆಯ ತಿರುಳು ಇಲ್ಲಿದೆ.

ಹಾಗಾದರೆ ಅಲ್ಪಾಯುಗಳಿಂದ ಕಡಿಮೆ ವಂತಿಗೆ ಪಡೆಯಬಹುದಲ್ಲವೆ? ಇದರ ಮಗ್ಗುಲೊಂದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಪರಿಶೀಲಿಸಿತು. ಲಾಸ್ ಏಂಜಲೀಸ್ ನಗರದ ನೀರು ಮತ್ತು ವಿದ್ಯುತ್ ಇಲಾಖೆ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆಂಬ ಕಾರಣಕ್ಕೆ ಅವರಿಂದ ಗಂಡಸರಿಗಿಂತ ನೂರಕ್ಕೆ 14.84ರಷ್ಟು ಹೆಚ್ಚು ವಂತಿಗೆ ಪಡೆಯುತ್ತಿತ್ತು. ಗುಂಪಿನ ಸರಾಸರಿಯನ್ನು ವ್ಯಕ್ತಿಯ ತಲೆಗೆ ಕಟ್ಟಲಾಗದೆಂದು ನ್ಯಾಯಾಲಯ ಆ ಕ್ರಮವನ್ನು ತಳ್ಳಿಹಾಕಿತು. ಇಂಗ್ಲೆಂಡಿನಲ್ಲಿ ಬೇರೊಂದು ಪದ್ಧತಿಯುಂಟು: ಧೂಮಪಾನಿಗಳಿಗೂ ಹೃದ್ರೋಗಿಗಳಿಗೂ ಅದೇ ಮೊತ್ತಕ್ಕೆ ಹೆಚ್ಚಿನ ವರ್ಷಾಶನವನ್ನು ವಿಮಾ ಕಂಪನಿಗಳು ಮಾರುತ್ತವೆ. ಸ್ವಇಚ್ಛೆಯ ವ್ಯಾಪಾರದಲ್ಲಿ ಇದು ಸಾಧು. ಕಡ್ಡಾಯ ಯೋಜನೆಗೆ ಇದನ್ನು ತಂದರೆ ಪ್ರತಿಯೊಬ್ಬನ ರಕ್ತ, ಮೂತ್ರಗಳ ವರದಿ ಮಾಲೀಕನ ಮೇಜಿಗೆ ಬರಬೇಕಾದೀತು. ರೋಗವನ್ನು ತೋರಿಸಿ ವಂತಿಗೆಯಲ್ಲಿ ನೂರು ರೂಪಾಯಿ ಉಳಿಸಿದವನು ಮರುದಿನ ಕೆಲಸವನ್ನೇ ಕಳೆದುಕೊಳ್ಳಬಹುದು.

ಆದುದರಿಂದ ಪರಿಹಾರವನ್ನು ವಂತಿಗೆಯ ಕಡೆ ಹುಡುಕದೆ ಪ್ರತಿಫಲದ ಕಡೆ ಹುಡುಕುವುದು ಯುಕ್ತ. ನಮ್ಮ ದೇಶದಲ್ಲಿ ಈ ತಕ್ಕಡಿ ಎರಡೂ ಕಡೆಗೆ ವಾಲಿದ ಇತಿಹಾಸವಿದೆ. 1971ರ ಕುಟುಂಬ ಪಿಂಚಣಿ ಯೋಜನೆಯಲ್ಲಿ ಸೇವೆಯಲ್ಲಿದ್ದಾಗ ಸತ್ತವನ ಕುಟುಂಬಕ್ಕಷ್ಟೇ ಪಿಂಚಣಿ; ಬದುಕಿ ನಿವೃತ್ತನಾದವನಿಗೆ ಸಣ್ಣದೊಂದು ಇಡಿಗಂಟು. ಅಂದು ದೀರ್ಘಾಯುಗಳು ಗೊಣಗಬೇಕಾಗಿತ್ತು! 1995ರ ಯೋಜನೆ ಇಬ್ಬರನ್ನೂ ಸೇರಿಸಿಕೊಂಡಿತು. ಅದರಲ್ಲಿ ಮೊದಲು ಬಂಡವಾಳ ವಾಪಸಾತಿಯ ಆಯ್ಕೆಯೂ ಇತ್ತು: ಸ್ವಲ್ಪ ಕಡಿಮೆ ಪಿಂಚಣಿಗೆ ಒಪ್ಪಿದವನ ಮರಣಾನಂತರ ವಾರಸುದಾರರಿಗೆ ಇಡಿಗಂಟು ದೊರೆಯುತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. ಅಲ್ಪಾಯುಗಳ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿಲ್ಲ. ಅದನ್ನು ಮರಳಿ ತರಬೇಕೆಂಬ ಬೇಡಿಕೆ ಎಲ್ಲ ವಿಧದಲ್ಲೂ ನ್ಯಾಯವಾದುದು.

ಉಳಿದಿರುವ ರಕ್ಷಣೆಗಳೂ ಅಲ್ಪವಲ್ಲ. ಒಂದೇ ತಿಂಗಳ ವಂತಿಗೆ ಸಂದಿದ್ದರೂ ಸೇವೆಯಲ್ಲಿದ್ದಾಗ ಮೃತನಾದವನ ಪತ್ನಿಗೆ ಪಿಂಚಣಿಯುಂಟು. ಇಪ್ಪತ್ತೈದು ವರ್ಷದವರೆಗೆ ಇಬ್ಬರು ಮಕ್ಕಳಿಗೆ, ತಾಯಿಯ ಪಿಂಚಣಿಯ ಕಾಲುಭಾಗದಂತೆ ತಲಾ ಬೇರೆ ಪಿಂಚಣಿಯುಂಟು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು ಪಡೆಯುವ ಒಟ್ಟು ಮೊತ್ತ, ಕಟ್ಟಿದ ವಂತಿಗೆಯ ಎಷ್ಟೋ ಪಾಲು ಹೆಚ್ಚು. ಅಂದರೆ ತೀರ ಬೇಗ ಸಾಯುವವನ ಕುಟುಂಬಕ್ಕೆ ಯೋಜನೆ ಉದಾರಿ. ನಿವೃತ್ತಿಯ ಬೆನ್ನಿಗೇ ಸಾಯುವವನ ವಿಷಯದಲ್ಲಿ ಜಿಪುಣ. ಪಿಂಚಣಿ ಆರಂಭವಾದ ಮೇಲೆ ಸತ್ತರೆ ಪತ್ನಿಗೆ ಸಿಗುವುದು ಅರ್ಧ ಮಾತ್ರ.

ಇಲ್ಲಿಯೇ ಅನೇಕರು ಮುಗ್ಗರಿಸುತ್ತಾರೆ. ಹತ್ತು ವರ್ಷ ಸೇವೆ ಸಲ್ಲಿಸಿ ಕೆಲಸ ಬಿಟ್ಟವನು ಐವತ್ತರ ನಂತರ, ವರ್ಷಕ್ಕೆ ನೂರಕ್ಕೆ 4ರ ಕಡಿತದೊಡನೆ, ಅವಧಿಪೂರ್ವ ಪಿಂಚಣಿ ಪಡೆಯಬಹುದು. ಐವತ್ತೈದರಲ್ಲಿ ಪಡೆದರೆ ಕಡಿತ ಸುಮಾರು 12. ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೂ, ಮೊದಲ ಮೂರು ವರ್ಷ ಪಡೆದದ್ದು ಈ ಕಡಿತದಿಂದ ತೀರುವ ವೇಳೆಗೆ ಅವನಿಗೆ ಎಂಬತ್ತು ವರ್ಷ! ಆದಕಾರಣ ರೋಗಿಷ್ಠನಾದ ಒಂಟಿ ಮನುಷ್ಯನಿಗೆ ಇದು ಲಾಭವೇ. ಆದರೆ ಪತ್ನಿಯುಳ್ಳ ರೋಗಿ ಅವಸರಪಡಬಾರದು. ಐವತ್ತೈದರಲ್ಲಿ ಪಿಂಚಣಿ ಆರಂಭಿಸಿ ಐವತ್ತೇಳರಲ್ಲಿ ತೀರಿಕೊಂಡರೆ ಕಡಿತಗೊಂಡ ಪಿಂಚಣಿಯ ಅರ್ಧ ಮಾತ್ರ ಆಕೆಗೆ. ಪಿಂಚಣಿ ಆರಂಭಿಸದೆ ಸೇವೆಯಲ್ಲೇ ಇದ್ದು ತೀರಿಕೊಂಡರೆ, ಅವನು ಅಂದೇ ನಿವೃತ್ತನಾಗಿದ್ದರೆ ಸಿಗಬಹುದಾಗಿದ್ದ ಪೂರ್ತಿ ಪಿಂಚಣಿ ಆಕೆಗೆ. ಜೊತೆಗೆ 1976ರ ಠೇವಣಿ ಸಂಬಂಧಿತ ವಿಮಾ ಯೋಜನೆಯ ಹಣವೂ ಸೇವೆಯಲ್ಲಿದ್ದಾಗ ಸತ್ತವನ ಕುಟುಂಬಕ್ಕೇ. 2021ರಲ್ಲಿ ಅದರ ಗರಿಷ್ಠ ಮಿತಿಯನ್ನು 7 ಲಕ್ಷಕ್ಕೆ ಏರಿಸಲಾಯಿತು. ವೈದ್ಯರ ಸಲಹೆಯಿಂದ ಹಗುರ ಕೆಲಸಕ್ಕೆ ಬದಲಾಯಿಸಿಕೊಂಡು ಹಾಜರಿ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವುದು, ರಾಜೀನಾಮೆ ಬರೆದುಕೊಡುವುದಕ್ಕಿಂತ ಎಷ್ಟೋ ಮೇಲು. ಧೂಳಿನಿಂದಲೇ ರೋಗ ಬಂದಿದ್ದು ರಾಜ್ಯ ವಿಮಾ ಕಾಯಿದೆಯ ವ್ಯಾಪ್ತಿಯಲ್ಲಿದ್ದರೆ, ಅದು ಔದ್ಯೋಗಿಕ ರೋಗವೆಂದು ದಾಖಲಾಗುವಂತೆ ನೋಡಿಕೊಳ್ಳುವುದು ಅತ್ಯಗತ್ಯ; ಆ ದಾಖಲೆಯಿಂದ ಅವಲಂಬಿತರಿಗೆ ಪ್ರತ್ಯೇಕ ಪರಿಹಾರವುಂಟು.

ಸರ್ಕಾರಿ ನೌಕರರ ಮಾತು ಬೇರೆ. 1869ರಿಂದ ಇರುವ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ 2004ಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ, ವಂತಿಗೆಯ ಗೊಡವೆಯಿಲ್ಲ. ಅವರು ಪಿಂಚಣಿಯ ನೂರಕ್ಕೆ 40ರಷ್ಟನ್ನು ಪರಿವರ್ತಿಸಿ ಒಮ್ಮೆಗೇ ಪಡೆಯಬಹುದು. ಪರಿವರ್ತಿಸಿದವನು ಮರುವರ್ಷವೇ ಸತ್ತರೂ ಆ ಹಣವನ್ನು ಯಾರೂ ಮರಳಿ ಕೇಳುವುದಿಲ್ಲ, ಕುಟುಂಬ ಪಿಂಚಣಿಯೂ ಕುಂದುವುದಿಲ್ಲ. ನಿವೃತ್ತಿಯಾಗಿ ಒಂದು ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ ಮಾತ್ರ ವೈದ್ಯಕೀಯ ಪರೀಕ್ಷೆಗೆ ಹಾಜರಾಗಬೇಕು. ಸಾವಿನ ಸುಳಿವು ಸಿಕ್ಕವನು ಓಡಿಬರುತ್ತಾನೆಂಬುದನ್ನು ಸರ್ಕಾರ ಚೆನ್ನಾಗಿಯೇ ಬಲ್ಲದು! 2004ರ ನಂತರದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಕೇಂದ್ರದ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆಯೂ ಬಂದಿತು. ಎರಡನೆಯದರಲ್ಲಿ ನಿಶ್ಚಿತ ಪಿಂಚಣಿಯುಂಟು, ಮರಣಾನಂತರ ಪತಿ ಅಥವಾ ಪತ್ನಿಗೆ ಅದರ ನೂರಕ್ಕೆ 60ರಷ್ಟುಂಟು. ಮೊದಲನೆಯದರಲ್ಲಿ, ಖರೀದಿ ಬೆಲೆ ಮರಳುವ ವರ್ಷಾಶನವನ್ನು ಆರಿಸಿಕೊಂಡರೆ, ಅಸಲು ಮಕ್ಕಳಿಗೆ ಉಳಿಯುತ್ತದೆ. ಸಂಗಾತಿಯಿಲ್ಲದ, ಆರೋಗ್ಯ ಕೆಟ್ಟ ನೌಕರನು ಈ ವ್ಯತ್ಯಾಸವನ್ನು ಎರಡು ಬಾರಿ ಓದಿ ಸಹಿ ಹಾಕಬೇಕು.

ಕೊನೆಯದಾಗಿ ನಾಮನಿರ್ದೇಶನದ ವಿಷಯ. ಮದುವೆಗೆ ಮುಂಚೆ ತುಂಬಿದ ಪತ್ರದಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿರುವುದು, ಊರಿನಲ್ಲಿರುವ ಹೆಂಡತಿಯ ಹೆಸರು ಆಧಾರ್ ಚೀಟಿಯಲ್ಲಿ ಒಂದು ಬಗೆ, ಕಾರ್ಖಾನೆಯ ದಾಖಲೆಯಲ್ಲಿ ಇನ್ನೊಂದು ಬಗೆ ಇರುವುದು, ವಲಸೆ ಬಂದ ನಮ್ಮವರಲ್ಲಿ ಸಾಮಾನ್ಯ. ಅವಿವಾಹಿತನೂ ಪಿಂಚಣಿಗೆ ಒಬ್ಬರನ್ನು ನಾಮನಿರ್ದೇಶನ ಮಾಡಬಹುದು. ಸೇವೆಯಲ್ಲಿದ್ದಾಗ ಅವನು ತೀರಿಕೊಂಡರೆ ಅವರಿಗೆ ವಿಧವಾ ಪಿಂಚಣಿಯಷ್ಟೇ ಮೊತ್ತ ಸಲ್ಲುತ್ತದೆ. ಭವಿಷ್ಯ ನಿಧಿಯ ಸದಸ್ಯರು ಇದನ್ನು ಮೊಬೈಲಿನಲ್ಲಿಯೇ ಸರಿಪಡಿಸಬಹುದು. ಆಧಾರ್, ಭಾವಚಿತ್ರ ಮತ್ತು ಬ್ಯಾಂಕಿನ ಪಾಸ್‌ಬುಕ್ ಎದುರಿಗಿದ್ದರೆ ಅರ್ಧ ಗಂಟೆಯ ಕೆಲಸ.