ಕೇಳಿದ ಮಾತನ್ನು ಶೋಧಿಸುವದು

ದೊಡ್ಡಬಳ್ಳಾಪುರದ ಮಗ್ಗದವರು ಹಾಸಿನಲ್ಲಿ ಎಳೆ ಕಡಿದದ್ದನ್ನು ಕಂಡರೆ ಮಗ್ಗವನ್ನು ನಿಲ್ಲಿಸುತ್ತಾರೆ. ಕಿವಿಗೆ ಬಿದ್ದ ಮಾತಿನ ವಿಷಯದಲ್ಲಿ ನಾವು ಅಷ್ಟು ಎಚ್ಚರವುಳ್ಳವರೋ?

2018ನೇ ಇಸವಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ನಮ್ಮ ರಾಜ್ಯದಲ್ಲಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯೌವನಸ್ಥನನ್ನು ಜನರು ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಬಂದ ಸ್ನೇಹಿತರು ಮಕ್ಕಳಿಗೆ ಚಾಕೊಲೇಟು ಕೊಟ್ಟರು, ಅದರಿಂದಲೇ ಸಂಶಯ ಹುಟ್ಟಿ, ಮುರ್ಕಿ ಗ್ರಾಮದಲ್ಲಿ ಗುಂಪು ಅವರ ವಾಹನವನ್ನು ತಡೆಯಿತು, ಒಬ್ಬನು ಸತ್ತನು. ಮಕ್ಕಳಿಗೆ ಮಿಠಾಯಿ ಕೊಡದವರು ನಮ್ಮಲ್ಲಿ ಯಾರಿದ್ದಾರೆ?

ಹೊಡೆದವರು ದುಷ್ಟರೆಂದು ಹೇಳಿ ಬಿಟ್ಟರೆ ನಮಗೆ ಪಾಠವಿಲ್ಲ. ವಿಷಯವು ಮನಸ್ಸಿಗೆ ಮುಖ್ಯವಾಗಿಯೂ ನಿಜಸ್ಥಿತಿಯು ಅಸ್ಪಷ್ಟವಾಗಿಯೂ ಇರುವಲ್ಲಿ ಗಾಳಿಮಾತು ಬೆಳೆಯುವದೆಂದು ಆಲ್‌ಪೋರ್ಟ್, ಪೋಸ್ಟ್‌ಮನ್ ಎಂಬ ಅಮೇರಿಕದ ಮನಶ್ಶಾಸ್ತ್ರಜ್ಞರು 1947ರಲ್ಲಿ ಬರೆದರು. ತಾಯಿತಂದೆಗಳಿಗೆ ಮಗುವಿಗಿಂತ ಮುಖ್ಯವಾದದ್ದು ಯಾವದು? ಭಯಪಟ್ಟ ಮನಸ್ಸು ಸಾಕ್ಷಿಯನ್ನು ಕೇಳುವದಿಲ್ಲ. ಹತ್ತು ಮಂದಿ ಕಳುಹಿಸಿದ ಒಂದೇ ಮಾತನ್ನು ಹತ್ತು ಸಾಕ್ಷಿಗಳೆಂದು ಎಣಿಸುತ್ತದೆ.

ಆದಕಾರಣ ಚುನಾವಣೆಯ ಕಾಲದಲ್ಲಾಗಲಿ ಜಾತಿಜಗಳದಲ್ಲಾಗಲಿ ಸುದ್ದಿ ತಂದವನನ್ನು ಹೀಗೆ ಕೇಳತಕ್ಕದ್ದು: ನೀನೇ ಕಂಡೆಯಾ? ಯಾವ ಊರಿನಲ್ಲಿ, ಯಾವ ದಿನ? ಇದನ್ನು ನಂಬಿದರೆ ಲಾಭ ಯಾರಿಗೆ? ಉತ್ತರ ಬಾರದಿದ್ದರೆ ಅದನ್ನು ಮುಂದಕ್ಕೆ ಕಳುಹಿಸಬಾರದು. ಪರಸ್ಥಳದವನ ಮೇಲೆ ನಿಜವಾಗಿ ಸಂಶಯವಿದ್ದರೆ ಕೈಯೆತ್ತದೆ 112ಕ್ಕೆ ಫೋನು ಮಾಡಿ, ಪೊಲೀಸರು ಬರುವ ತನಕ ಅವನ ಪಕ್ಕದಲ್ಲಿ ನಿಲ್ಲಬೇಕು.