ದುಃಖಿತರಿಗೊಂದು ಕೌದಿ
ಓದಿರಿ: ಪ್ರೇಷಿತರ ಕಾರ್ಯಕಲಾಪಗಳು 9:36–42

ಜೊಪ್ಪದ ತಬಿಥ ತೀರಿಕೊಂಡಾಗ, ವಿಧವೆಯರು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿ ಅತ್ತರು. ಪೇತ್ರ ಪ್ರಾರ್ಥಿಸಿದ, ಆಕೆ ಎದ್ದಳು. ಸತ್ತವರನ್ನು ಎಬ್ಬಿಸುವುದು ಪ್ರಭುವಿನ ಕೆಲಸ. ಅಳುವವರ ಪಕ್ಕ ಕೂರುವುದು ನಮ್ಮದು.

ದುಃಖಿತರನ್ನು ಸಂತೈಸುವುದು ಕರುಣೆಯ ಆಧ್ಯಾತ್ಮಿಕ ಕಾರ್ಯಗಳಲ್ಲೊಂದು. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಾರ್ಥನಾ ಶಾಲಿನ ಸೇವೆಯಲ್ಲಿ, ಪ್ರಾರ್ಥಿಸುತ್ತಾ ಉಣ್ಣೆಯ ಶಾಲು ಹೆಣೆದು ನೊಂದವರಿಗೆ ಕೊಡುತ್ತಾರೆ. ದೇವಣಿ ಸೀಮೆಯ ನಮಗೆ ಕೌದಿಯಿದೆ. ಮರಾಠಿ ನೆರೆಯವರಿಗೆ ಅದೇ ಗೋಧಡಿ. ಹಳೆ ಸೀರೆ, ಸೂಜಿ, ದಾರ ಸಾಕು. ಮನೆಯವರು ಒಪ್ಪಿದರೆ ತೀರಿಹೋದವರ ಸೀರೆಯನ್ನೂ ಸೇರಿಸೋಣ.

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಕಂಡ ಜಿಲ್ಲೆ ನಮ್ಮದು. ಬಂದವರೆಲ್ಲ ಹೋದ ಮೇಲೂ ರಾತ್ರಿ ಉಳಿಯುತ್ತದೆ, ಕೌದಿಯೂ ಉಳಿಯುತ್ತದೆ.

ಚಿಂತನೆಗೆ: ಈ ವರ್ಷ ಸಾವು ಕಂಡ ಮನೆಯ ಬಾಗಿಲನ್ನು, ತಿಂಗಳ ಪೂಜೆ ಮುಗಿದ ಮೇಲೆ ನಮ್ಮಲ್ಲಿ ಯಾರು ತಟ್ಟಿದ್ದೇವೆ?