ವರದಿ ಓದಲು ಕಲಿಯುವುದು: ಎಂಟನೇ ತರಗತಿಯಲ್ಲಿ ಕೋವಿಡ್ ಪರೀಕ್ಷೆ ಮತ್ತು ಲಸಿಕೆಯ ಪಾಠ

ವಿಷಯ: ವಿಜ್ಞಾನ
ತರಗತಿ: 8
ಘಟಕ: ಸೂಕ್ಷ್ಮಜೀವಿಗಳು – ಮಿತ್ರ ಮತ್ತು ಶತ್ರು
ಅವಧಿ: 40 ನಿಮಿಷಗಳ 4 ಅವಧಿಗಳು
ಬೋಧನೋಪಕರಣಗಳು: ಹುಣಸೆ ಬೀಜ, ಬಟ್ಟೆ ಚೀಲ, ಹಳೆಯ ದಿನಪತ್ರಿಕೆ, ಚೀಟಿ ಹಾಕುವ ಡಬ್ಬಿ, ರ್‍ಯಾಪಿಡ್ ಕಿಟ್‌ನ ರಟ್ಟಿನ ಮಾದರಿ

ಪಾಠದ ಹಿನ್ನೆಲೆ

ಈ ಘಟಕದಲ್ಲಿ ವೈರಸ್, ಸಾಂಕ್ರಾಮಿಕ ರೋಗ, ಲಸಿಕೆ, ಪ್ರತಿಕಾಯ ಎಂಬ ಪರಿಕಲ್ಪನೆಗಳು ಬರುತ್ತವೆ. ಸಾಮಾನ್ಯವಾಗಿ ನಾವು ಇವಕ್ಕೆ ಪೋಲಿಯೊ, ಸಿಡುಬು, ಕ್ಷಯ ರೋಗಗಳ ಉದಾಹರಣೆ ಕೊಡುತ್ತೇವೆ. 2022–23ನೇ ಸಾಲಿನ ಅಭ್ಯಾಸ ಬೋಧನೆಗೆ ನಾನು ಹೋದ ಗ್ರಾಮೀಣ ಪ್ರೌಢಶಾಲೆಯ ಮಕ್ಕಳಿಗೆ ಬೇರೆ ಉದಾಹರಣೆ ಹುಡುಕಬೇಕಿರಲಿಲ್ಲ. ಅವರು ಐದನೇ ತರಗತಿ ಮುಗಿಸುವ ಹೊತ್ತಿಗೆ, 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿತು. ಆರನೇ ತರಗತಿಯ ಪಾಠವನ್ನು ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ವಿದ್ಯಾಗಮದ ಮೂಲಕ ಕೇಳಿದರು. ಆ ವರ್ಷದ ಕೊನೆಗೆ ಎರಡನೇ ಅಲೆ ಬಂತು. ಏಳನೇ ತರಗತಿಯಲ್ಲಿದ್ದಾಗ, 2022ರ ಮಾರ್ಚ್ 16ರಿಂದ 12ರಿಂದ 14 ವರ್ಷದವರಿಗೆ ಕಾರ್ಬೆವ್ಯಾಕ್ಸ್ ಲಸಿಕೆ ಆರಂಭವಾಯಿತು. ಅಂದರೆ ಈ ಮಕ್ಕಳು ಸ್ವ್ಯಾಬ್ ಕೊಟ್ಟವರು, ಸೂಜಿ ಹಾಕಿಸಿಕೊಂಡವರು, ಮನೆಯಲ್ಲಿ ಆಕ್ಸಿಮೀಟರ್ ನೋಡಿದವರು. ಅನುಭವ ಅವರಲ್ಲಿ ಬೇಕಾದಷ್ಟಿತ್ತು, ಅದರ ಹಿಂದಿನ ವಿಜ್ಞಾನವನ್ನು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಈ ಪಾಠದ ಉದ್ದೇಶ ಅಷ್ಟೇ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು: (1) ಪರೀಕ್ಷೆಯಲ್ಲಿ ನೆಗೆಟಿವ್ ಬಂದರೂ ಸೋಂಕು ಇರಬಹುದು ಎಂಬುದಕ್ಕೆ ಕಾರಣ ಕೊಡುವನು/ಳು; (2) ಆರ್‌ಟಿ-ಪಿಸಿಆರ್ ವರದಿಯ ಸಿಟಿ ಮೌಲ್ಯಕ್ಕೂ ಸ್ಕ್ಯಾನಿಂಗ್‌ನ ಸಿಟಿ ಸ್ಕೋರಿಗೂ ಇರುವ ವ್ಯತ್ಯಾಸ ಗುರುತಿಸುವನು/ಳು; (3) ಲಸಿಕೆ ಕೆಲಸ ಮಾಡುವ ಬಗೆಯನ್ನು ವಿವರಿಸುವನು/ಳು; (4) ಶೇಕಡಾ ಲೆಕ್ಕದಿಂದ ಒಂದು ವದಂತಿಯನ್ನು ಪರಿಶೀಲಿಸುವನು/ಳು.

ಅವಧಿ 1: ಪೂರ್ವಜ್ಞಾನ ಪರೀಕ್ಷೆ – ಚೀಟಿ ಡಬ್ಬಿ

ಪೂರ್ವಜ್ಞಾನವನ್ನು ಬಾಯಿಪ್ರಶ್ನೆಗಳಿಂದ ತಿಳಿಯುವುದು ನಮಗೆ ರೂಢಿ. ಇಲ್ಲಿ ಅದನ್ನು ಬೇಕೆಂದೇ ಬಿಟ್ಟೆ. 'ನಿಮ್ಮ ಮನೆಯಲ್ಲಿ ಯಾರಿಗೆ ಕೊರೊನಾ ಬಂದಿತ್ತು, ಕೈ ಎತ್ತಿ' ಎಂದು ಕೇಳಿದರೆ ಕೆಲವು ಮಕ್ಕಳಿಗೆ ಅದು ಪಾಠದ ಪ್ರಶ್ನೆಯಾಗಿ ಕೇಳಿಸುವುದಿಲ್ಲ. ಪಾಠ ಆರಂಭಿಸುವ ಮೊದಲು ಮಾರ್ಗದರ್ಶಕ ಶಿಕ್ಷಕರೊಂದಿಗೆ ಈ ಬಗ್ಗೆ ಮಾತನಾಡಿದೆ. 'ಈ ತರಗತಿಯಲ್ಲಿ ಮನೆಯವರನ್ನು ಕಳೆದುಕೊಂಡವರಿದ್ದಾರೆ, ಹೆಸರು ಹಿಡಿದು ಏನನ್ನೂ ಕೇಳಬೇಡಿ' ಎಂದರು. ಆದ್ದರಿಂದ ಹೆಸರು ಬರೆಯದ ಚೀಟಿಗಳನ್ನು ಕೊಟ್ಟೆ. 'ಕೊರೊನಾ, ಟೆಸ್ಟ್, ಲಸಿಕೆ – ಇವುಗಳ ಬಗ್ಗೆ ನಿಮಗಿರುವ ಒಂದು ಪ್ರಶ್ನೆ ಬರೆಯಿರಿ. ಬರೆಯಲು ಮನಸ್ಸಿಲ್ಲದವರು ಖಾಲಿ ಚೀಟಿ ಹಾಕಬಹುದು' ಎಂದೆ. ಎಲ್ಲರೂ ಡಬ್ಬಿಯ ಬಳಿ ಬಂದು ಹಾಕಿದ್ದರಿಂದ ಯಾರು ಬರೆದರು, ಯಾರು ಬರೆಯಲಿಲ್ಲ ಎಂಬುದು ತಿಳಿಯಲಿಲ್ಲ.

ಚೀಟಿಗಳಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಮಕ್ಕಳ ಭಾಷೆಯಲ್ಲೇ ಕೊಡುತ್ತೇನೆ:

'ಸೂಜಿ ಹಾಕುಸ್ಕೊಂಡ್ರೆ ಜ್ವರ ಬರುತ್ತಲ್ಲ ಮಿಸ್, ಅದೂ ಕೊರೊನಾನೇನಾ?'
'ಎರಡು ಡೋಸ್ ಆದ ನಮ್ಮ ಮಾವಂಗೂ ಬಂತು. ಮತ್ತೆ ಯಾಕೆ ಹಾಕುಸ್ಕೋಬೇಕು?'
'ಚಿಕ್ಕಮ್ಮಂಗೆ ಸಿಟಿ 17 ಬಂದಿತ್ತು. ಒಬ್ರು ಕಮ್ಮಿ ಅಂದ್ರು, ಒಬ್ರು ಜಾಸ್ತಿ ಅಂದ್ರು. ಯಾವ್ದು ನಿಜ?'

ನಾಲ್ಕು ಮಡಿಕೆ ಹಾಕಿದ್ದ ಇನ್ನೊಂದು ಚೀಟಿಯಲ್ಲಿ ಹೀಗಿತ್ತು: 'ಅಪ್ಪಂಗೆ ಮೊದಲ್ನೇ ಟೆಸ್ಟ್ ನೆಗೆಟಿವ್ ಬಂತು. ಎಲ್ರೂ ಸಮಾಧಾನವಾಗಿ ಮನೆಗೆ ಬಂದ್ವಿ. ಆಮೇಲೆ ಜಾಸ್ತಿಯಾಗಿ ಅಪ್ಪ ಉಳೀಲಿಲ್ಲ. ಟೆಸ್ಟ್ ಸುಳ್ಳು ಹೇಳುತ್ತಾ?'

ಮೊದಲ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದೆ. ನಾಲ್ಕನೆಯದನ್ನು ಓದಲಿಲ್ಲ, ಬರೆಯಲೂ ಇಲ್ಲ. ಆದರೆ ಎರಡನೇ ಅವಧಿಯನ್ನು ಪೂರ್ತಿಯಾಗಿ ಅದಕ್ಕೇ ಇಟ್ಟೆ. ಬರೆದ ಮಗು ಕೈ ಎತ್ತದೆಯೇ ಉತ್ತರ ಕೇಳಿಸಿಕೊಳ್ಳಬೇಕು ಎಂಬುದು ನನ್ನ ಯೋಜನೆಯಾಗಿತ್ತು.

ಅವಧಿ 2: ನೆಗೆಟಿವ್ ಎಂದರೆ ಏನು?

ರ್‍ಯಾಪಿಡ್ ಆಂಟಿಜೆನ್ ಪರೀಕ್ಷೆಯ ಕಿಟ್ಟನ್ನು ರಟ್ಟಿನಲ್ಲಿ ಮಾಡಿಕೊಂಡು ಹೋಗಿದ್ದೆ. ಅದರಲ್ಲಿ 'ಸಿ' ಮತ್ತು 'ಟಿ' ಎಂಬ ಎರಡು ಗೆರೆಗಳ ಜಾಗಗಳಿವೆ. ಮೂಗಿನಿಂದ ತೆಗೆದ ಸ್ವ್ಯಾಬನ್ನು ದ್ರಾವಣದಲ್ಲಿ ಅದ್ದಿ, ಕೆಲವು ಹನಿಗಳನ್ನು ಕಿಟ್‌ಗೆ ಹಾಕುತ್ತಾರೆ. 15ರಿಂದ 30 ನಿಮಿಷದೊಳಗೆ ಫಲಿತಾಂಶ ಸಿಗುತ್ತದೆ. ಕಿಟ್ ಸರಿಯಾಗಿದ್ದರೆ 'ಸಿ' ಗೆರೆ ಬರಲೇಬೇಕು. ಅದು ಬರದಿದ್ದರೆ ಪರೀಕ್ಷೆಯೇ ಅಮಾನ್ಯ. ನಾವು ಪ್ರಯೋಗಗಳಲ್ಲಿ 'ನಿಯಂತ್ರಣ' ಎಂದು ಕಲಿಸುವುದು ಇದನ್ನೇ. 'ಟಿ' ಗೆರೆ ಬರಬೇಕಾದರೆ ಸ್ವ್ಯಾಬ್‌ನಲ್ಲಿ ವೈರಸ್ಸಿನ ಪ್ರೋಟೀನು, ಅಂದರೆ ಆಂಟಿಜೆನ್, ಸಾಕಷ್ಟು ಇರಬೇಕು.

'ಸಾಕಷ್ಟು ಇಲ್ಲದಿದ್ದರೆ?' ಎಂದು ಕೇಳಿದೆ. 'ಗೆರೆ ಬರಲ್ಲ' ಎಂದರು. 'ಗೆರೆ ಬರದಿದ್ದರೆ ವೈರಸ್ ಇಲ್ಲ ಎಂದು ಅರ್ಥವೇ?' ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಇಲ್ಲಿ ಚಟುವಟಿಕೆ ಆರಂಭಿಸಿದೆ.

ಚೀಲದಲ್ಲಿ 100 ಹುಣಸೆ ಬೀಜಗಳು. ಎಲ್ಲವೂ ಸೋಂಕು ತಗಲಿದವರು ಎಂದು ಭಾವಿಸಿಕೊಳ್ಳಬೇಕು. ಅವುಗಳಲ್ಲಿ 30ಕ್ಕೆ ಸೀಮೆಸುಣ್ಣದ ಚುಕ್ಕೆ. ಚುಕ್ಕೆ ಇರುವವರನ್ನು ಪರೀಕ್ಷೆ ಹಿಡಿಯುವುದಿಲ್ಲ. (30 ಎಂಬುದು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ, ಯಾವುದೇ ಕಿಟ್‌ನ ಅಳತೆಯಲ್ಲ ಎಂದು ಮಕ್ಕಳಿಗೆ ಹೇಳಿದೆ.) ಪ್ರತಿಯೊಬ್ಬರೂ ಕಣ್ಣುಮುಚ್ಚಿ ಒಂದು ಬೀಜ ತೆಗೆದರು. ಚುಕ್ಕೆಯ ಬೀಜ ಬಂದವರು 'ನನ್ನದು ನೆಗೆಟಿವ್' ಎಂದರು. 'ನಿಮಗೆ ಸೋಂಕು ಇದೆಯೇ?' 'ಇದೆ!' 'ನೀವು ಏನಾದರೂ ತಪ್ಪು ಮಾಡಿದಿರಾ?' 'ಇಲ್ಲ ಮಿಸ್, ಬೀಜ ಹಂಗೆ ಬಂತು.'

ಆಮೇಲೆ ಕಾರಣಗಳನ್ನು ಹಲಗೆಯ ಮೇಲೆ ಬರೆದೆವು. ಸೋಂಕು ತಗಲಿದ ತೀರಾ ಆರಂಭದ ದಿನಗಳಲ್ಲಿ ಮೂಗಿನಲ್ಲಿ ವೈರಸ್ ಕಡಿಮೆ ಇರಬಹುದು. ದಿನಗಳು ಕಳೆದ ಮೇಲೂ ಕಡಿಮೆಯಾಗಬಹುದು. ಸ್ವ್ಯಾಬ್ ಸರಿಯಾದ ಜಾಗ ಮುಟ್ಟದೇ ಇರಬಹುದು. ಇದಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ನಿಯಮ ಹೇಳಿತ್ತು: ರ್‍ಯಾಪಿಡ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅದನ್ನು ಪಾಸಿಟಿವ್ ಎಂದೇ ಪರಿಗಣಿಸಬೇಕು, ರೋಗಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಬೇಕು. ಆರ್‌ಟಿ-ಪಿಸಿಆರ್ ಕೂಡ ಕೆಲವೊಮ್ಮೆ ತಪ್ಪಿಸಿಕೊಳ್ಳಬಲ್ಲದು.

ಈ ಅವಧಿಯ ಸಾರಾಂಶವನ್ನು ಮಕ್ಕಳೇ ಹೇಳಿದರು: ಟೆಸ್ಟ್ ಸುಳ್ಳು ಹೇಳುವುದಿಲ್ಲ. ತನಗೆ ಕಂಡದ್ದನ್ನು ಮಾತ್ರ ಹೇಳುತ್ತದೆ. 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ನಾವು ಓದಬಾರದು. ನಾನು ಒಂದು ಮಾತು ಸೇರಿಸಿದೆ: ಆ ದಿನಗಳಲ್ಲಿ ನೆಗೆಟಿವ್ ಎಂಬ ಮಾತು ಕೇಳಿ ಸಮಾಧಾನಪಟ್ಟ ಮನೆಯವರದ್ದು ತಪ್ಪಲ್ಲ. ಅವರಿಗೆ ಇದನ್ನು ಬಿಡಿಸಿ ಹೇಳುವವರು ಇರಲಿಲ್ಲ.

ಅವಧಿ 3: ಎರಡು 'ಸಿಟಿ'ಗಳು

ಪ್ರತಿ ಮಗುವಿಗೆ ದಿನಪತ್ರಿಕೆಯ ಒಂದು ಹಾಳೆ ಕೊಟ್ಟು ಮಡಚುತ್ತಾ ಹೋಗಲು ಹೇಳಿದೆ. ಒಂದು ಮಡಿಕೆಗೆ 2 ಪದರ, ಎರಡಕ್ಕೆ 4, ಮೂರಕ್ಕೆ 8. ಆರು ಏಳು ಮಡಿಕೆಗೆ ಕೈ ಸೋಲುತ್ತದೆ. ಅಲ್ಲಿಂದ ಮುಂದೆ ಲೆಕ್ಕದಲ್ಲಿ ಹೋದೆವು: 10 ಮಡಿಕೆಗೆ 1,024, 20ಕ್ಕೆ 10,48,576, 30ಕ್ಕೆ 107 ಕೋಟಿಗೂ ಹೆಚ್ಚು. ಗಣಿತದ ಘಾತಾಂಕಗಳ ಪಾಠಕ್ಕೂ ಇದು ಸಹಸಂಬಂಧ.

ಆರ್‌ಟಿ-ಪಿಸಿಆರ್ ಯಂತ್ರದಲ್ಲಿ ನಡೆಯುವುದೂ ಇಂಥದ್ದೇ. ಕೊರೊನಾ ವೈರಸ್ಸಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿ ಬದಲಿಸುತ್ತಾರೆ. ಆಮೇಲೆ ಒಂದೊಂದು ಸುತ್ತಿಗೂ ಅದರ ಪ್ರತಿಗಳು ಸುಮಾರು ಎರಡರಷ್ಟಾಗುತ್ತವೆ. ಎಷ್ಟನೇ ಸುತ್ತಿಗೆ ಯಂತ್ರಕ್ಕೆ ಅದು ಗೋಚರವಾಗುತ್ತದೆಯೋ ಆ ಸಂಖ್ಯೆಯೇ ಸಿಟಿ ಮೌಲ್ಯ. ಆರಂಭದಲ್ಲೇ ವೈರಸ್ ಹೆಚ್ಚಿದ್ದರೆ ಕಡಿಮೆ ಸುತ್ತು ಸಾಕು. ಕಡಿಮೆ ಇದ್ದರೆ ಹೆಚ್ಚು ಸುತ್ತು ಬೇಕು. 17ಕ್ಕೂ 27ಕ್ಕೂ 10 ಸುತ್ತುಗಳ ಅಂತರ, ಅಂದರೆ ಮಾದರಿಯಲ್ಲಿದ್ದ ವೈರಸ್ ಅಂಶದಲ್ಲಿ ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಭಾರತದಲ್ಲಿ 35ರವರೆಗಿನ ಮೌಲ್ಯವನ್ನು ಪಾಸಿಟಿವ್ ಎಂದು ಪರಿಗಣಿಸುತ್ತಿದ್ದರು.

ಎದೆಯ ಸಿಟಿ ಸ್ಕ್ಯಾನ್‌ನ ಸ್ಕೋರು ಬೇರೆಯದೇ ಸಂಗತಿ. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 5ರಂತೆ ಒಟ್ಟು 25 ಅಂಕ. ಅಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಶ್ವಾಸಕೋಶಕ್ಕೆ ಆದ ತೊಂದರೆ ಹೆಚ್ಚು. ಒಂದರಲ್ಲಿ ಕಡಿಮೆ ಸಂಖ್ಯೆ ಎಂದರೆ ಹೆಚ್ಚು ವೈರಸ್, ಇನ್ನೊಂದರಲ್ಲಿ ಕಡಿಮೆ ಸಂಖ್ಯೆ ಎಂದರೆ ಕಡಿಮೆ ಹಾನಿ. ಎರಡಕ್ಕೂ ಜನ 'ಸಿಟಿ' ಎಂದೇ ಹೇಳುತ್ತಿದ್ದುದರಿಂದ ಹಳ್ಳಿಯ ಕಟ್ಟೆಯ ಮೇಲೆ ಗೊಂದಲ ಹುಟ್ಟಿತು. 'ಚಿಕ್ಕಮ್ಮನ 17 ಮೂಗಿನ ವರದಿಯದೋ, ಸ್ಕ್ಯಾನಿಂಗಿನದೋ? ಮೊದಲು ಅದನ್ನು ಕೇಳಬೇಕು' ಎಂದು ಒಬ್ಬ ವಿದ್ಯಾರ್ಥಿ ಹೇಳಿದ. ನನಗೆ ಬೇಕಿದ್ದ ಉತ್ತರ ಅದೇ. ಸ್ವ್ಯಾಬ್ ತೆಗೆದ ರೀತಿಯಿಂದಲೂ ಸಿಟಿ ಮೌಲ್ಯ ಬದಲಾಗುವುದರಿಂದ ಅದೊಂದರಿಂದಲೇ ರೋಗ ಎಷ್ಟು ತೀವ್ರ ಎಂದು ತೀರ್ಮಾನಿಸಲಾಗದು ಎಂಬುದನ್ನೂ ತಿಳಿಸಿದೆ.

ಅವಧಿ 4: ಲಸಿಕೆ – ಹಳೆಯ ಭಯ, ಹೊಸ ಲೆಕ್ಕ

ಎಡ್ವರ್ಡ್ ಜೆನ್ನರ್ 1796ರಲ್ಲಿ ದನದ ಸಿಡುಬಿನ ಕೀವಿನಿಂದ ಮಾಡಿದ ಪ್ರಯೋಗವನ್ನು 1798ರಲ್ಲಿ ಪ್ರಕಟಿಸಿದ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಒಂದು ವರ್ಣಚಿತ್ರದಲ್ಲಿರುವವರು ಮೈಸೂರು ಅರಸು ಮನೆತನದ ಮಹಿಳೆಯರು, ಅವರಲ್ಲಿ ಒಬ್ಬರು ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆ ಎಂದು ಇತಿಹಾಸಕಾರರೊಬ್ಬರು ಗುರುತಿಸಿದ್ದಾರೆ. ಸಿಡುಬನ್ನು 'ಅಮ್ಮ' ಎಂದು ಕರೆದು ಹೆದರುತ್ತಿದ್ದ ನಾಡಿನಲ್ಲಿ ಅರಮನೆಯವರೇ ತೋಳು ಚಾಚಬೇಕಾಯಿತು. ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಅಜ್ಜಿಯ ಭಯವನ್ನು ಗೇಲಿ ಮಾಡಬಾರದು, ಲಸಿಕೆಯ ಭಯ ಲಸಿಕೆಯಷ್ಟೇ ಹಳೆಯದು ಎಂದು ತಿಳಿಸಲು ಈ ಉದಾಹರಣೆ ನೆರವಾಯಿತು.

ನಂತರ ಮೂರು ಲಸಿಕೆಗಳನ್ನು ಹೋಲಿಸಿದೆವು. ಕೋವ್ಯಾಕ್ಸಿನ್‌ನಲ್ಲಿ ನಿಷ್ಕ್ರಿಯಗೊಳಿಸಿದ ವೈರಸ್ ಇದೆ. ಕೋವಿಶೀಲ್ಡ್‌ನಲ್ಲಿ, ದೇಹದಲ್ಲಿ ವೃದ್ಧಿಯಾಗದಂತೆ ಮಾಡಿದ ಬೇರೊಂದು ವೈರಸ್ ಕೊರೊನಾದ ಮುಳ್ಳಿನ ಪ್ರೋಟೀನಿನ ಸೂಚನೆಯನ್ನು ಹೊತ್ತು ತರುತ್ತದೆ. ಮಕ್ಕಳು ಪಡೆದ ಕಾರ್ಬೆವ್ಯಾಕ್ಸ್‌ನಲ್ಲಿ ಆ ಪ್ರೋಟೀನಿನ ಒಂದು ಭಾಗ ಮಾತ್ರ ಇದೆ. ಮೂರರಲ್ಲಿ ಯಾವುದರಲ್ಲೂ ರೋಗ ತರಬಲ್ಲ ಜೀವಂತ ಕೊರೊನಾ ಇಲ್ಲ. ಆದ್ದರಿಂದ ಸೂಜಿಯ ನಂತರದ ಜ್ವರ, ಕೈ ನೋವು ಕೊರೊನಾ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಪ್ರತಿಕಾಯ ಮತ್ತು ಸ್ಮೃತಿ ಕೋಶಗಳನ್ನು ಸಿದ್ಧಪಡಿಸುವಾಗ ಹೀಗಾಗುತ್ತದೆ. ತೀವ್ರ ಅಡ್ಡಪರಿಣಾಮ ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಲಸಿಕೆಯ ನಂತರ ಅರ್ಧ ಗಂಟೆ ಕೂರಿಸುತ್ತಿದ್ದುದು ಅದಕ್ಕೇ. ಇದನ್ನು ಮುಚ್ಚಿಡದೆ ಹೇಳಿದಾಗ ಮಕ್ಕಳ ನಂಬಿಕೆ ಹೆಚ್ಚುತ್ತದೆ ಎಂಬುದು ನಾನು ಕಂಡದ್ದು.

'ಮಾವಂಗೂ ಬಂತಲ್ಲ' ಎಂಬ ಪ್ರಶ್ನೆಗೆ ಮತ್ತೆ ಹುಣಸೆ ಬೀಜ. 100 ಜನರ ಒಂದು ಊರು ಎಂದು ಊಹಿಸೋಣ. 90 ಜನ ಲಸಿಕೆ ಪಡೆದವರು, 10 ಜನ ಪಡೆಯದವರು. ಆಸ್ಪತ್ರೆ ಸೇರಿದವರು 13: ಲಸಿಕೆ ಪಡೆದವರು 9, ಪಡೆಯದವರು 4. 'ನೋಡಿ, ಲಸಿಕೆ ಪಡೆದವರೇ ಹೆಚ್ಚು ಆಸ್ಪತ್ರೆ ಸೇರಿದ್ದಾರೆ' ಎಂದೆ. ಹೌದೆಂದರು. 'ಶೇಕಡಾ ತೆಗೆಯಿರಿ.' 90ರಲ್ಲಿ 9 ಎಂದರೆ ಶೇ. 10, 10ರಲ್ಲಿ 4 ಎಂದರೆ ಶೇ. 40. ಹಿಂದಿನ ಬೆಂಚಿನಿಂದ 'ಅಯ್ಯೋ, ಉಲ್ಟಾ ಆಯ್ತು' ಎಂಬ ಮಾತು ಬಂತು. ಲಸಿಕೆ ಮಳೆಯನ್ನು ನಿಲ್ಲಿಸುವುದಿಲ್ಲ, ಗೊರಗದ ಹಾಗೆ ನೆನೆಯುವುದನ್ನು ಕಡಿಮೆ ಮಾಡುತ್ತದೆ ಎಂದು ಒಬ್ಬಳು ಹೋಲಿಸಿದಳು. ಅದನ್ನೇ ಹಲಗೆಯ ಮೇಲೆ ಬರೆದೆ.

ಮೌಲ್ಯಮಾಪನ ಮತ್ತು ಗೃಹಪಾಠ

1. ಜ್ವರ, ಕೆಮ್ಮು ಇರುವ ವ್ಯಕ್ತಿಗೆ ರ್‍ಯಾಪಿಡ್ ಪರೀಕ್ಷೆಯಲ್ಲಿ ನೆಗೆಟಿವ್ ಬಂದಿದೆ. ನೀವು ಏನು ಸಲಹೆ ಕೊಡುವಿರಿ? ಏಕೆ?
2. ಕಿಟ್‌ನಲ್ಲಿ 'ಟಿ' ಗೆರೆ ಮಾತ್ರ ಬಂದಿದೆ, 'ಸಿ' ಗೆರೆ ಬಂದಿಲ್ಲ. ಫಲಿತಾಂಶವೇನು?
3. ಸಿಟಿ ಮೌಲ್ಯ 18 ಮತ್ತು 28 ಇರುವ ಎರಡು ಮಾದರಿಗಳಲ್ಲಿ ಯಾವುದರಲ್ಲಿ ವೈರಸ್ ಅಂಶ ಹೆಚ್ಚು? ಸುಮಾರು ಎಷ್ಟು ಪಟ್ಟು?
ಗೃಹಪಾಠ: ಮನೆಯ ಹಿರಿಯರೊಬ್ಬರಿಗೆ ಹುಣಸೆ ಬೀಜದ ಆಟ ತೋರಿಸಿ, ಅವರು ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆದು ತನ್ನಿ.

ಮೊದಲ ಪ್ರಶ್ನೆಗೆ 'ಪುಸ್ತಕದ ಉತ್ತರ' ಇಲ್ಲದಿದ್ದರೂ ಹೆಚ್ಚಿನವರು ಕಾರಣ ಸಹಿತ ಬರೆದರು. ಕೊನೆಯ ಅವಧಿಯ ನಂತರ ಡಬ್ಬಿಯನ್ನು ಮತ್ತೆ ಇಟ್ಟಿದ್ದೆ. ಅದರಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು: 'ನಾವು ತಪ್ಪು ಮಾಡ್ಲಿಲ್ಲ ಅಂತ ಅಮ್ಮಂಗೆ ಹೇಳ್ದೆ.' ಅದನ್ನು ಮಾರ್ಗದರ್ಶಕ ಶಿಕ್ಷಕರಿಗೆ ಮಾತ್ರ ತೋರಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಈ ಪಾಠ ಮಾಡುವವರು ಮೊದಲು ತರಗತಿ ಶಿಕ್ಷಕರಿಂದ ಮಕ್ಕಳ ಮನೆಯ ಪರಿಸ್ಥಿತಿ ತಿಳಿದುಕೊಳ್ಳಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲೇ ಪಡೆಯಿರಿ. ಊಹೆಯ ಸಂಖ್ಯೆಗಳನ್ನು ಊಹೆಯೆಂದೇ ಹೇಳಿ. ಮೂರನೇ ಅವಧಿಗೆ ಗಣಿತ ಶಿಕ್ಷಕರನ್ನು ಕರೆದರೆ ಒಳ್ಳೆಯದು. ಊರಿನ ಆಶಾ ಕಾರ್ಯಕರ್ತೆಯನ್ನು ನಾಲ್ಕನೇ ಅವಧಿಗೆ ಆಹ್ವಾನಿಸಬಹುದು. ಮನೆ ಮನೆಗೆ ಹೋಗಿ ಜನರನ್ನು ಒಪ್ಪಿಸಿದವರು ಅವರು, ನಮ್ಮ ಪಾಠದ ಬಹುಪಾಲು ಅವರಿಗೆ ಅನುಭವದಿಂದಲೇ ಗೊತ್ತು. ಬೇರೆ ಜ್ವರ, ಬೇರೆ ಪರೀಕ್ಷೆ ಮುಂದೆಯೂ ಬರುತ್ತವೆ. ಡೆಂಗಿಯ ವರದಿ ಕೈಗೆ ಬಂದಾಗಲೂ ಮಗು 'ಇದು ಏನನ್ನು ನೋಡಿ ಹೇಳಿದೆ?' ಎಂದು ಕೇಳುವಂತಾದರೆ ಈ ನಾಲ್ಕು ಅವಧಿಗಳು ಸಾರ್ಥಕ.